ಮೂರನೇ ಪಾಳಿಯ ನಾಲ್ಕನೇ ದನಿ

ವಿನೋಬನಗರದಲ್ಲಿ ಪಂಪ್‌ಸೆಟ್ ಅಂಗಡಿ ಇಟ್ಟುಕೊಂಡಿರುವ ನಾಗಭೂಷಣ ಒಂದು ಕಾಲದಲ್ಲಿ ಭುಜದ ಮೇಲೆ ಕೂದಲು ಇಳಿಬಿಟ್ಟುಕೊಂಡು ಎಲೆಕ್ಟ್ರಿಕ್ ಗಿಟಾರ್ ಬಾರಿಸುತ್ತಿದ್ದ ಎಂದರೆ ಅವನ ಗಿರಾಕಿಗಳು ನಂಬುವುದಿಲ್ಲ. ಈಗ ತಲೆ ಬೋಳು, ಹಣೆಯಲ್ಲಿ ವಿಭೂತಿ, ಬಾಯಿ ತೆರೆದರೆ ಮೋಟಾರು, ಪೈಪು, ವಾಲ್ವು. ಆದರೆ ತೊಂಬತ್ತರ ದಶಕದ ನಡುವಿನ ಮೂರ್ನಾಲ್ಕು ವರ್ಷ ಅವನು, ಕೊಂಡಜ್ಜಿಯ ಪರಶುರಾಮ, ಆನೆಕೊಂಡದ ತೌಸೀಫ್ ಸೇರಿ ‘ಮೂರನೇ ಪಾಳಿ’ ಎಂಬ ತಂಡ ಕಟ್ಟಿಕೊಂಡಿದ್ದರು. ಪರಶುರಾಮನ ಅಪ್ಪ ಹತ್ತಿ ಗಿರಣಿಯಲ್ಲಿ ಮೂರನೇ ಪಾಳಿ, ಅಂದರೆ ರಾತ್ರಿ ಪಾಳಿ ದುಡಿದವನು. ಹೆಸರು ಅಲ್ಲಿಂದ ಬಂದದ್ದು. ಹಾಡು ಕಟ್ಟುವುದೂ ಹಾಡುವುದೂ ಪರಶುರಾಮನ ಪಾಲು. ಮಟ್ಟು ಹೊಲದ್ದು, ಅದರ ಕೆಳಗೆ ನಾಗಭೂಷಣನ ಗಿಟಾರು, ತೌಸೀಫನ ಡ್ರಮ್ಮು, ನಡುನಡುವೆ ಡೊಳ್ಳು. ಮೂರು ಕ್ಯಾಸೆಟ್ ಬಂದವು. ಕಾಲೇಜು ಹುಡುಗರು ಕುಣಿದರು. ಜನಪದದ ಹಿರಿಯರು ಇದು ಬರೀ ಗದ್ದಲ ಎಂದರು, ಆರ್ಕೆಸ್ಟ್ರಾದವರು ಇದು ಹಳ್ಳಿ ಹಾಡು ಎಂದು ಮೂಗು ಮುರಿದರು. ತಂಡ ನಿಂತೇ ಹೋಯಿತು.

ಅದಾದ ಎಷ್ಟೋ ವರ್ಷದ ಮೇಲೆ, ಈ ಬೇಸಿಗೆಯಲ್ಲಿ, ನಾಗಭೂಷಣನ ಮಗಳು ಕೃತಿಕಾ ಮಹಡಿಯಿಂದ ಎರಡೆರಡು ಮೆಟ್ಟಿಲು ಹಾರಿಕೊಂಡು ಕೆಳಗೆ ಬಂದಳು. ಅವಳು ಸೌಂಡ್ ಎಂಜಿನಿಯರಿಂಗ್ ಕಲಿತು, ಮನೆಯ ಮೇಲಿನ ಕೋಣೆಯಲ್ಲೇ ಒಂದು ಸಣ್ಣ ಸ್ಟುಡಿಯೋ ಮಾಡಿಕೊಂಡು, ಜಾಹೀರಾತು ಮತ್ತು ಕಿರುಚಿತ್ರಗಳಿಗೆ ಧ್ವನಿ ಜೋಡಿಸುತ್ತಿದ್ದಳು.

“ಅಪ್ಪಾ, ನಿಮ್ ಹಾಡು ಯಾರೋ ಇಂಟರ್ನೆಟ್‌ಗೆ ಹಾಕಿದ್ರಲ್ಲ, ಅದನ್ನ ಕೇಳಿ ಬೆಂಗಳೂರಿನ ಕಂಪನಿಯೋರು ಫೋನ್ ಮಾಡಿದ್ರು. ಆರಿಸಿದ ಹಾಡೆಲ್ಲ ಸೇರಿಸಿ ಹೊಸದಾಗಿ ಬಿಡ್ತಾರಂತೆ. ‘ಮೂರನೇ ಪಾಳಿಯ ಹಿಟ್ ಹಾಡುಗಳು’. ರೀಮಾಸ್ಟರ್ ಮಾಡೋ ಕೆಲ್ಸ ನಂಗೇ ಕೊಟ್ಟಾರೆ!”

ಊಟಕ್ಕೆ ಬಡಿಸುತ್ತಿದ್ದ ಅನ್ನಪೂರ್ಣ ಗಂಡನ ಮುಖ ನೋಡಿದಳು. “ಹಿಟ್ ಹಾಡಾ? ಯಾವಾಗ ಆಗಿದ್ವು?”

“ಯಾಕ, ಚನ್ನಗಿರಿ ಕಾಲೇಜಿನಾಗೆ ಒನ್ಸ್ ಮೋರ್ ಅಂದಿದ್ರು.”

“ಅದು ಕರೆಂಟ್ ಹೋಗಿ ಹಾಡು ಅರ್ಧಕ್ಕೇ ನಿಂತಿತ್ತಲ್ರಿ, ಅದಕ್ಕ.”

ನಾಗಭೂಷಣ ರೊಟ್ಟಿ ಮುರಿದ. ಅನ್ನಪೂರ್ಣ ಮಗಳ ಕಡೆ ತಿರುಗಿ, “ಅದೇನು ರೀಮಾಸ್ಟರ್ ಅಂದ್ರೆ?” ಎಂದಳು.

“ಹಳೇ ಹಿತ್ತಾಳಿ ಪಾತ್ರೆಗೆ ಕಲಾಯಿ ಹಾಕಿಸ್ತಿದ್ರಂತಲ್ಲಮ್ಮಾ, ಹಂಗೆ. ಪಾತ್ರೆ ಅದೇ, ಹೊಳಪು ಹೊಸದು.”

ಹಳೆಯ ಮೂಲ ಕ್ಯಾಸೆಟ್‌ಗಳು ಅಂಗಡಿಯ ಅಟ್ಟದಲ್ಲಿ, ರಬ್ಬರ್ ವಾಷರ್‌ಗಳ ಡಬ್ಬಿಯ ಹಿಂದೆ ಸಿಕ್ಕವು. ಅವನ್ನು ರೆಕಾರ್ಡ್ ಮಾಡಿದ್ದು ಆನೆಕೊಂಡದಲ್ಲಿ, ತೌಸೀಫನ ಚಿಕ್ಕಪ್ಪನ ಹತ್ತಿ ಗೋದಾಮಿನೊಳಗೆ. ಸ್ಟುಡಿಯೋಗೆ ಹೋಗುವ ಶಕ್ತಿ ಯಾರಿಗೂ ಇರಲಿಲ್ಲ. ಸುತ್ತ ಹತ್ತಿಯ ಮೂಟೆಗಳಿದ್ದರೆ ಹೊರಗಿನ ಸದ್ದು ಬರುವುದಿಲ್ಲ ಎಂದು ತೌಸೀಫ್ ತಲೆ ಓಡಿಸಿದ್ದ. ಹುಬ್ಬಳ್ಳಿಯಿಂದ ಎರವಲು ತಂದಿದ್ದ ನಾಲ್ಕು ಟ್ರ್ಯಾಕಿನ ಯಂತ್ರದಲ್ಲಿ ಹಾಡುಗಾರಿಕೆ, ಗಿಟಾರು, ತಾಳ, ಪರಶುರಾಮನದೇ ಹಾರ್ಮೋನಿಯಂ ಒಂದೊಂದೂ ಬೇರೆ ಬೇರೆಯಾಗಿ ದಾಖಲಾಗಿದ್ದವು. ಕೃತಿಕಾ ಅಂಥದ್ದೇ ಒಂದು ಹಳೆಯ ಯಂತ್ರವನ್ನು ಯಾರಿಂದಲೋ ಕೇಳಿ ತರಿಸಿ, ಕ್ಯಾಸೆಟ್‌ಗಳನ್ನು ಒಂದೊಂದಾಗಿ ಕಂಪ್ಯೂಟರಿಗೆ ಇಳಿಸಿಕೊಂಡು ಕೆಲಸಕ್ಕೆ ಕೂತಳು.

ಒಂದು ಶನಿವಾರ ಮಧ್ಯಾಹ್ನ ಅವಳು ಅಂಗಡಿಗೇ ಬಂದಳು. ಕೈಯಲ್ಲಿ ಲ್ಯಾಪ್‌ಟಾಪು, ಹೆಡ್‌ಫೋನು.

“ಅಪ್ಪಾ, ‘ಹೊಳೆಯಾಚೆ ದೀಪ’ದಾಗೆ ಹಾಡಿದ ಹೆಂಗಸು ಯಾರು?”

ನಾಗಭೂಷಣ ಗಿರಾಕಿಗೆ ತೋರಿಸುತ್ತಿದ್ದ ವಾಲ್ವನ್ನು ಮೇಜಿನ ಮೇಲಿಟ್ಟ. “ಯಾವ ಹೆಂಗಸು? ನಾವು ಮೂವರೇ ಇದ್ದಿದ್ದು.”

“ಕೇಳು ಹಂಗಾರೆ.”

ಹೆಡ್‌ಫೋನ್ ಹಾಕಿಕೊಂಡ. ಗಿಟಾರು, ಡ್ರಮ್ಮುಗಳನ್ನು ಕೃತಿಕಾ ಅಡಗಿಸಿದ್ದಳು; ಉಳಿದದ್ದು ಪರಶುರಾಮನ ಎಳೆಯ ಗಂಟಲು ಒಂದೇ. ‘ಹೊಳೆಯಾಚೆ ದೀಪ ಯಾರದವ್ವಾ, ಹರಿಗೋಲು ಬರಲಿಲ್ಲ ಇನ್ನೂ.’ ಕೊನೆಯ ನುಡಿಗೆ ಬಂದಾಗ ಆ ದನಿಯ ಹಿಂದೆ, ದೂರದಲ್ಲಿ, ಇನ್ನೊಂದು ದನಿ ಎದ್ದಿತು. ಹೆಣ್ಣು ದನಿ. ಮಾತು ಸ್ಪಷ್ಟವಿರಲಿಲ್ಲ, ಆದರೆ ಸ್ವರ ನೆಟ್ಟಗೆ ಪರಶುರಾಮನ ಸ್ವರದ ಮೇಲೆ ಹತ್ತಿ ಕೂತಿತ್ತು. ಪರಶುರಾಮ ತನ್ನ ತಾಳವನ್ನು ಸ್ವಲ್ಪ ಎಳೆದು ಅವಳಿಗಾಗಿ ಕಾಯುತ್ತಿದ್ದ. ಅವಳು ಬಂದು ಸೇರಿದ ಮೇಲೆ ಇಬ್ಬರೂ ಕೂಡಿ ಸಾಲು ಮುಗಿಸುತ್ತಿದ್ದರು.

ನಾಗಭೂಷಣ ಮತ್ತೆ ಕೇಳಿದ. ಆಮೇಲೆ ಗಿರಾಕಿಗೆ, “ಯಜಮಾನ್ರೆ, ನಾಳೆ ಬರ್ರಿ” ಎಂದು ಕೈ ಮುಗಿದು, ನಡುಹಗಲಿನಲ್ಲಿ ಅಂಗಡಿಯ ಶಟರ್ ಎಳೆದುಬಿಟ್ಟ.

“ಏನಾತು ಅಪ್ಪಾ?”

“ನಿನ್ ಗಾಡಿ ತೆಗಿ. ಕೊಂಡಜ್ಜಿಗೆ ಹೋಗ್ಬೇಕು.”

ಸ್ಕೂಟರಿನ ಹಿಂದೆ ಕೂತು ದಾರಿಯುದ್ದಕ್ಕೂ ಅವನು ಮಗಳಿಗೆ ನಡೆದದ್ದನ್ನು ಹೇಳಿದ. ಆ ಹಾಡಿನ ದಿನ ಸೆಕೆ ತಡೆಯಲಾರದೆ ಗೋದಾಮಿನ ಹಿಂದಿನ ಕಿಟಕಿ ತೆಗೆದಿಟ್ಟಿದ್ದರು. ಯಂತ್ರವನ್ನು ಮಾರನೆಯ ದಿನವೇ ಹಿಂತಿರುಗಿಸಬೇಕಿತ್ತು, ಮತ್ತೆ ಹಾಡಿಸಲು ಹೊತ್ತಿರಲಿಲ್ಲ. ಕೊನೆಯ ನುಡಿಯಲ್ಲಿ ಪರಶುರಾಮ ತಾಳ ಬಿಟ್ಟು ಹಿಂದೆ ಉಳಿದ ಎಂದು ನಾಗಭೂಷಣ ರೇಗಿದ. ಕಿಟಕಿಯ ಪಕ್ಕದಲ್ಲೇ ನಿಂತು ಹಾಡಿದ್ದ ಪರಶುರಾಮ, “ತಪ್ಪಿಲ್ಲ. ಕಿಟಕಿಯಿಂದ ಯಾರೋ ಹೆಣ್ಮಗಳು ಹಾಡಿದ್ದು ಕೇಳ್ತು, ಅವಳ ಜೊತಿ ಹೋದೆ” ಎಂದ. ಉಳಿದಿಬ್ಬರಿಗೂ ತಮ್ಮ ವಾದ್ಯದ ಸದ್ದಿನಲ್ಲಿ ಏನೂ ಕೇಳಿರಲಿಲ್ಲ. ಆ ಮಾತನ್ನು ನಾಗಭೂಷಣ ಅಲ್ಲಿಗೇ ಬಿಡಲಿಲ್ಲ. ಮುಂದಿನ ಕಾರ್ಯಕ್ರಮದಲ್ಲಿ ಮೈಕಿನಲ್ಲೇ, “ನಮ್ ಪರಶುಗೆ ದೆವ್ವದ ಹಾಡು ಕೇಳ್ತೈತ್ರಪ್ಪೋ” ಎಂದುಬಿಟ್ಟ. ಸಭೆಯೆಲ್ಲ ನಕ್ಕಿತು. ಪರಶುರಾಮ ಆ ಕಾರ್ಯಕ್ರಮ ಮುಗಿಸಿಕೊಟ್ಟು ಊರಿಗೆ ಹೋದವನು ತಾಲೀಮಿಗೆ ಮತ್ತೆ ಬರಲಿಲ್ಲ. ಮದುವೆ ಮುಂಜಿಗಳಲ್ಲಿ ಎದುರಾದರೆ ಒಬ್ಬ “ಆರಾಮಾ?” ಅನ್ನುವುದು, ಇನ್ನೊಬ್ಬ “ಆರಾಮು” ಅನ್ನುವುದು. ಅದರಾಚೆ ಮಾತಿಲ್ಲ.

“ಇಷ್ಟಕ್ಕಾ ಅಪ್ಪಾ?” ಎಂದಳು ಕೃತಿಕಾ.

“ಆಗ ಅದು ಇಷ್ಟಾಗಿರ್ಲಿಲ್ಲ ಮಗಳೇ.”

ಕೊಂಡಜ್ಜಿ ಕೆರೆಯ ಕೆಳಗಿನ ಗದ್ದೆಯ ಬದುವಿನಲ್ಲಿ ಪರಶುರಾಮ ಪಂಚೆ ಎತ್ತಿ ಕಟ್ಟಿಕೊಂಡು ಪಂಪ್‌ಸೆಟ್ ಬಿಚ್ಚುತ್ತಿದ್ದ. ಮೀಸೆ ಬೆಳ್ಳಗಾಗಿತ್ತು, ಹೊಟ್ಟೆ ಮುಂದೆ ಬಂದಿತ್ತು. ಸ್ಕೂಟರಿನಿಂದ ಇಳಿದವನನ್ನು ನೋಡಿ ಕೈ ಒರೆಸಿಕೊಂಡ. ನಾಗಭೂಷಣನ ಬಾಯಿಗೆ ಬಂದ ಮೊದಲ ಮಾತು ಇದು:

“ಇದು ನನ್ನ ಅಂಗಡಿ ಪಂಪಲ್ಲ.”

“ಅಲ್ಲ. ಬೇಕಂತಲೇ ಬ್ಯಾರೆ ಕಡೆ ತಂದೆ.”

“ಅದಕ್ಕೇ ಕೆಟ್ಟೈತೆ.”

ಪರಶುರಾಮ ನಗುವುದೋ ಬೇಡವೋ ಎಂಬಂತೆ ನಿಂತ. ನಡುವೆ ಸಿಕ್ಕಿಕೊಂಡ ಕೃತಿಕಾ, “ಮಾಮಾ, ನಾನು ಇವರ ಮಗಳು. ಒಂದು ಸಲ ಇದನ್ನ ಕೇಳ್ರಿ” ಎಂದು ಹೆಡ್‌ಫೋನನ್ನು ಅವನ ಕಿವಿಗೆ ಹಾಕಿಯೇಬಿಟ್ಟಳು.

ಬದುವಿನ ಮೇಲೆ ಕೂತು ಪರಶುರಾಮ ಕಣ್ಣು ಮುಚ್ಚಿಕೊಂಡು ಕೇಳಿದ. ಕೊನೆಯ ನುಡಿ ಬಂದಾಗ ಅವನ ಮೀಸೆಯ ಕೆಳಗೆ ತುಟಿ ಅಲುಗಿತು. ಹಾಡು ಮುಗಿದರೂ ಅವನು ಹೆಡ್‌ಫೋನ್ ತೆಗೆಯಲಿಲ್ಲ. ಆಮೇಲೆ ಗದ್ದೆಯ ಕೊಕ್ಕರೆಗಳೆಲ್ಲ ಹಾರಿಹೋಗುವಂತೆ ಗಟ್ಟಿಯಾಗಿ ನಕ್ಕ.

“ನೋಡೋ ಭೂಷಣಾ! ದೆವ್ವಕ್ಕೆ ಎಷ್ಟು ಚೆಂದದ ಕಂಠ ಐತೆ ನೋಡು!”

“ತಪ್ಪಾತೋ ಪರಶು. ಮೈಕಿನಾಗೆ ಹಂಗಂದಿದ್ದು ತಪ್ಪಾತು.”

“ಅದಿರ್ಲಿ ಬಿಡು. ಯಾರಿವಳು?” ಪರಶುರಾಮ ಎದ್ದು ನಿಂತ. “ನಾನೂ ಎಷ್ಟೋ ಸಲ ಅಂದ್ಕೊಂಡೀನಿ, ನಂಗೇ ಏನೋ ಭ್ರಮೆ ಆಗಿರಬೇಕು ಅಂತ. ಈಗ ಮುಖ ನೋಡ್ಬೇಕು ಕಣೋ. ನಡಿ.”

“ಪಂಪು?”

“ನೀನು ಬಂದೀಯಲ್ಲ, ರಿಪೇರಿ ಮಾಡಿ ಕೊಡು, ಆಮೇಲೆ ಹೋಗಾಣ.”

ನಾಗಭೂಷಣ ಅಂಗಿಯ ತೋಳು ಮಡಚಿ ಕೆಸರಿನಲ್ಲಿ ಕೂತ. ವಾಷರ್ ಹೋಗಿತ್ತು, ಜೇಬಿನಲ್ಲೇ ಇದ್ದ ಹೊಸದೊಂದನ್ನು ಕೂರಿಸಿದ. ನೀರು ಚಿಮ್ಮಿ ಬಂದಾಗ ಇಬ್ಬರ ಪಂಚೆ, ಪ್ಯಾಂಟು ಎಲ್ಲ ಒದ್ದೆ.

ಮರುದಿನ ಭಾನುವಾರ ಆನೆಕೊಂಡದಲ್ಲಿ ತೌಸೀಫನ ಮುಂದೆ ಇಬ್ಬರೂ ಒಟ್ಟಿಗೆ ಹೋಗಿ ನಿಂತಾಗ ಅವನು ಹಿಡಿದಿದ್ದ ಚಹಾ ಲೋಟ ಓರೆಯಾಯಿತು. ಹತ್ತಿ ವ್ಯಾಪಾರ ಮುಗಿದ ಮೇಲೆ ಅದೇ ಗೋದಾಮಿನಲ್ಲಿ ಅವನು ಶಾಮಿಯಾನ, ಕುರ್ಚಿ, ಸೌಂಡ್ ಸಿಸ್ಟಮ್ ಬಾಡಿಗೆಗೆ ಕೊಡುವ ವ್ಯಾಪಾರ ನಡೆಸುತ್ತಿದ್ದ. “ಅರೇ, ನೀವಿಬ್ಬರೂ ಒಂದೇ ಗಾಡಿ ಮ್ಯಾಲೆ ಬಂದ್ರಾ? ಊರಾಗೆ ಯಾರಾದ್ರೂ ನೋಡಿದ್ರಾ? ಇಲ್ದಿದ್ರೆ ನಾನು ಹೇಳಿದ್ರೆ ಯಾರೂ ನಂಬಂಗಿಲ್ಲ ಯಾರ್!” ಎಂದು ಇಬ್ಬರನ್ನೂ ಒಟ್ಟಿಗೇ ತಬ್ಬಿಕೊಂಡ.

ಹಿಂದಿನ ಕಿಟಕಿ ಇನ್ನೂ ಇತ್ತು. ಅದರಾಚೆ ಇದ್ದ ಹೆಂಚಿನ ಮನೆ ಹೋಗಿ ಎರಡಂತಸ್ತಿನ ಕಟ್ಟಡ ಬಂದಿತ್ತು. ಯಾರನ್ನು ಕೇಳುವುದು ಎಂದು ಮೂವರೂ ಯೋಚಿಸುತ್ತಿರುವಾಗ ತೌಸೀಫ್ ತನ್ನ ಚಿಕ್ಕಮ್ಮ ರಹಮತ್ ಬೀಯನ್ನು ಕರೆತಂದ. ವಯಸ್ಸಾಗಿ ಕಣ್ಣು ಮಂಜಾಗಿದ್ದರೂ ಅವರ ಕಿವಿ ಚುರುಕಾಗಿತ್ತು. ಹಿಂದಿನಿಂದ ಆಟೋದಲ್ಲಿ ಬಂದಿದ್ದ ಕೃತಿಕಾ ಸ್ಪೀಕರಿನಲ್ಲಿ ಹಾಡು ಹಾಕಿದಳು. ಅರ್ಧ ಸಾಲು ಮುಗಿದಿತ್ತಷ್ಟೇ.

“ಉಡಚಿ!” ಎಂದರು ರಹಮತ್ ಬೀ. “ನಮ್ಮ ಉಡಚಮ್ಮ. ಆ ಹಂಚಿನ ಮನಿಯಾಗೆ ಬಾಡಿಗಿ ಇದ್ಲು. ಗಂಡ ಲಾರಿ ಓಡಿಸ್ತಿದ್ದ, ವಾರಗಟ್ಲೆ ಮನಿಗೆ ಬರ್ತಿರ್ಲಿಲ್ಲ. ಪಾಪ, ಒಬ್ಬಾಕೀನೇ ಕೂಸು ಕಟ್ಕೊಂಡು ಇರ್ತಿದ್ಲು. ಈಗ ಹರಿಹರದಾಗೆ ಮಗಳ ಹತ್ರ ಅದಾಳೆ. ಮೊನ್ನೆ ರಂಜಾನಿಗೂ ಫೋನ್ ಮಾಡಿದ್ಲು.”

ಫೋನ್ ಮಾಡಿ ಹೇಳುವುದು ಬೇಡ, ಎದುರಿಗೇ ಕೇಳಿಸೋಣ ಎಂದು ಪರಶುರಾಮ ಹಟ ಹಿಡಿದ. ತೌಸೀಫನ ಸಾಮಾನಿನ ಗಾಡಿಯಲ್ಲೇ ನಾಲ್ವರೂ ಹರಿಹರಕ್ಕೆ ಹೊರಟರು. ಹಿಂದೆ ಕುರ್ಚಿಗಳು ಗಡಗಡ ಎನ್ನುತ್ತಿದ್ದವು. ಮುಂದೆ ಮೂವರು ಗಂಡಸರು ಯಾವ ಹಾಡಿಗೆ ಯಾವ ತಾಳ ಇತ್ತು ಎಂದು ಜಗಳಾಡುತ್ತಿದ್ದರು. ಮೂಲೆಗೆ ಒತ್ತರಿಸಿಕೊಂಡು ಕೂತಿದ್ದ ಕೃತಿಕಾ ನಗು ತಡೆಯಲಾಗದೆ ಕಿಟಕಿಯ ಕಡೆ ಮುಖ ಮಾಡಿದ್ದಳು.

ಹೊಳೆಯ ಕಡೆಗಿನ ಓಣಿಯಲ್ಲಿ ಮನೆ. ಮಗಳು ಸಹನಾ ಸರ್ಕಾರಿ ಬಸ್ಸಿನ ಕಂಡಕ್ಟರ್, ಹೆರಿಗೆ ರಜೆಯಲ್ಲಿದ್ದಳು. ಐವತ್ತೈದು ದಾಟಿದ ಉಡಚಮ್ಮ ಅಂಗಳದಲ್ಲಿ ಬಾಣಂತಿಯ ಸಾರಿಗೆ ಮೆಣಸು ಕುಟ್ಟುತ್ತಿದ್ದಳು. ರಹಮತ್ ಬೀ ಹೆಸರು ಹೇಳಿದ್ದಕ್ಕೆ “ಬರ್ರಿ, ಕೂಡ್ರಿ” ಎಂದು ಚಾಪೆ ಹಾಸಿದಳು. ಆದರೆ ಗೋದಾಮು, ಹಾಡು, ಡ್ರಮ್ಮು ಎಂಬ ಮಾತು ಬರುತ್ತಿದ್ದಂತೆ ಅವಳ ಹುಬ್ಬು ಮೇಲೇರಿತು.

“ಆ ಗದ್ದಲದೋರು ನೀವೇನಾ?”

ಮೂವರೂ ಚಾಪೆಯ ಮೇಲೆ ಸ್ವಲ್ಪ ಹಿಂದೆ ಸರಿದರು.

“ನನ್ ಕೂಸಿಗೆ ಐದು ತಿಂಗಳು. ಸಂಜಿ ಆತಂದ್ರೆ ಸಾಕು, ಧಡ್ ಧಡ್ ಧಡ್! ಇನ್ನೇನು ಕಣ್ಣು ಮುಚ್ತು ಅನ್ನೋದ್ರಾಗೆ ಬೆಚ್ಚಿ ಬಿದ್ದು ಅಳೋದು. ನಾನು ಯಾರಿಗೆ ಹೇಳಲಿ? ಅದಕ್ಕೇ ನಿಮ್ಮ ಸದ್ದು ಕೂಸಿನ ಕಿವಿಗೆ ಬೀಳಬಾರದು ಅಂತ ನಾನೂ ಗಂಟಲು ಹರಕೊಂಡು ಜೋಗುಳ ಹಾಡ್ತಿದ್ದೆ. ನಿಮ್ಮ ಹಾಡು ಎಲ್ಲಿಗೆ ಏರ್ತದೋ ಅದಕ್ಕಿಂತ ಮ್ಯಾಲೆ ನಾನು!”

“ಅದೇ ಜೋಗುಳ ಇಲ್ಲೈತೆ ಅಕ್ಕಾ,” ಎಂದ ಪರಶುರಾಮ ಮೆಲ್ಲಗೆ.

ಕೃತಿಕಾ ಅವಳ ದನಿ ಎದ್ದು ಕೇಳುವಂತೆ ಸರಿಮಾಡಿಟ್ಟಿದ್ದಳು. ಅಂಗಳದಲ್ಲಿ ಹಾಡು ತೆರೆದುಕೊಂಡಿತು. ‘ಹೊಳೆಯಾಚೆ ದೀಪ ಯಾರದವ್ವಾ’ ಎಂದು ಪರಶುರಾಮ ಕೇಳಿದ. ಹಿಂದಿನಿಂದ ಆ ದನಿ ಬಂತು: ‘ಕಣ್ಣು ಮುಚ್ಚೇ ಕೂಸೇ, ಹೊಳಿಗೂ ನಿದ್ದಿ ಬಂತು.’

ಉಡಚಮ್ಮನ ಕೈಯಲ್ಲಿದ್ದ ಒನಕೆ ಹಾಗೇ ನಿಂತಿತು. ಒಳಗಿನಿಂದ ಸಹನಾ ಬಂದು ಬಾಗಿಲಿಗೆ ಒರಗಿದಳು.

“ಇದು ನಾನಾ?” ಎಂದಳು ಉಡಚಮ್ಮ.

“ನೀವೇ ಅಕ್ಕಾ.”

“ಇನ್ನೊಂದ್ಸಲ ಹಾಕವ್ವಾ.”

ಎರಡನೆಯ ಸಲ ಅವಳು ತಲೆ ಓರೆ ಮಾಡಿಕೊಂಡು ಕೇಳಿದಳು. ಮುಖದಲ್ಲಿ ಸಣ್ಣ ನಗು ಮೂಡಿತು. “ನಮ್ಮನೆಯೋರು ಲಾರಿ ಮ್ಯಾಲೆ ಹೋದ್ರೆ ನಂಗೆ ಮಾತಾಡಾಕೆ ಯಾರೂ ಇರ್ತಿರ್ಲಿಲ್ಲ. ಎಂಥಾ ಗಟ್ಟಿ ಗಂಟಲು ನೋಡು ನಂದು.” ಆಮೇಲೆ ಪರಶುರಾಮನನ್ನು ದಿಟ್ಟಿಸಿ ನೋಡಿದಳು. “ಅದಿರ್ಲಿ, ನನ್ನ ಹಿಂದಿಂದೇ ಬರೋ ಈ ಗಂಡು ದನಿ ನಿಂದಾ ತಮ್ಮಾ?”

“ಹೌದಕ್ಕಾ. ನಿಮ್ ಹಿಂದಿಂದೇ ಬಂದೆ. ಅದಕ್ಕೇ ಇವನು ನನ್ನ ಜೊತಿ ಮಾತು ಬಿಟ್ಟ.”

“ನಾನಲ್ಲ, ನೀನು ಬಿಟ್ಟಿದ್ದು,” ಎಂದ ನಾಗಭೂಷಣ.

“ಇಬ್ಬರೂ ಬಿಟ್ರಿ, ನಡುವೆ ನಾನು ಡೊಳ್ಳು ಕಟ್ಕೊಂಡು ಕೂತೆ,” ಎಂದ ತೌಸೀಫ್. ಅಷ್ಟರಲ್ಲಿ ಒಳಗೆ ಕೂಸು ಅತ್ತಿತು. ಸಹನಾ ನಗುತ್ತ ಒಳಗೆ ಓಡಿದಳು.

ಈ ದನಿ ಹಾಡಿನಲ್ಲಿ ಇರಲು ನಿಮ್ಮ ಒಪ್ಪಿಗೆ ಬೇಕು, ಉಳಿದವರ ಹಾಗೇ ನಿಮಗೂ ಹೆಸರು, ಪಾಲು ಎಲ್ಲ ಬರುತ್ತದೆ ಎಂದು ಕೃತಿಕಾ ಬಿಡಿಸಿ ಹೇಳಿದಳು. ಉಡಚಮ್ಮ ಎಲ್ಲವನ್ನೂ ಕೇಳಿಸಿಕೊಂಡು, “ಹೆಸರು ಹಾಕ್ರಿ, ಬ್ಯಾಡ ಅನ್ನಲ್ಲ. ಆದ್ರೆ ನಂದೂ ಒಂದು ಮಾತೈತೆ” ಎಂದಳು. “ನನ್ ಮಗಳ ನಿದ್ದಿ ಅಷ್ಟು ಕೆಡಿಸೀರಿ. ಈಗ ಮೊಮ್ಮಗಳನ್ನ ತೊಟ್ಟಿಲಿಗೆ ಹಾಕೋ ದಿನ ಮೂವರೂ ಬಂದು ಹಾಡ್ಬೇಕು. ಅವತ್ತು ಎಷ್ಟಾರ ಗದ್ದಲ ಮಾಡ್ರಿ.”

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಟ್ಟಿಗೆ ಬಾರಿಸಿ ಕೃತಿಕಾಳ ವಯಸ್ಸಿಗಿಂತ ಹೆಚ್ಚು ವರ್ಷ ಆಗಿತ್ತು. ಆದರೂ ಮೂವರ ತಲೆಯೂ ಒಟ್ಟಿಗೇ ಅಲ್ಲಾಡಿತು.

ಬೆಂಗಳೂರಿನ ಕಂಪನಿಯವರು ಮಾತ್ರ ಒಪ್ಪಲು ತಡಮಾಡಿದರು. ಹಾಡು ಚೆನ್ನಾಗಿದೆ, ಆದರೆ ಕೊನೆಯಲ್ಲಿ ಹಿನ್ನೆಲೆಯಲ್ಲಿ ಏನೋ ಸದ್ದು ಉಳಿದಿದೆಯಲ್ಲ, ಅದನ್ನು ತೆಗೆದುಬಿಡಿ ಎಂದು ಫೋನಿನಲ್ಲಿ ಹೇಳಿದರು.

“ಅದು ಸದ್ದಲ್ಲ ಸರ್,” ಎಂದಳು ಕೃತಿಕಾ. “ನಮ್ಮ ಗಾಯಕಿ.” ನಡೆದದ್ದನ್ನೆಲ್ಲ ಅವಳು ಹೇಳಿ ಮುಗಿಸಿದ ಮೇಲೆ ಆ ಕಡೆಯವರು, ಹಾಗಾದರೆ ಆ ಹಾಡನ್ನೇ ಸಂಗ್ರಹದ ಮೊದಲಿಗೆ ಇಡೋಣ ಎಂದರು. ‘ಹಿಟ್ ಹಾಡುಗಳು’ ಎಂಬ ಹೆಸರು ಬೇಡ ಎಂದು ನಾಗಭೂಷಣನೇ ಹೇಳಿ, ‘ಮೂರನೇ ಪಾಳಿ: ಕಿಟಕಿ ತೆರೆದಿಟ್ಟ ಹಾಡುಗಳು’ ಎಂದು ಬದಲಾಯಿಸಿದ. ಸಂಗ್ರಹದ ಮುಖಪುಟದ ಮೇಲೆ ನಾಲ್ಕು ಹೆಸರು ಬಂದವು.

ತಾಲೀಮು ಗೋದಾಮಿನಲ್ಲೇ ಶುರುವಾಯಿತು. ಮೊದಲ ದಿನ ನಾಗಭೂಷಣನ ಬೆರಳ ತುದಿಗಳಲ್ಲಿ ಬೊಬ್ಬೆ ಎದ್ದವು. ಮನೆಗೆ ಬಂದು ಕೈ ಮುಚ್ಚಿಟ್ಟುಕೊಂಡರೂ ಅನ್ನಪೂರ್ಣ ನೋಡಿಬಿಟ್ಟಳು. ಅವಳು ಕೊಬ್ಬರಿ ಎಣ್ಣೆ ಹಚ್ಚಿದಳು. ಮುಂದಿನ ತಾಲೀಮಿಗೆ ಮಂಡಕ್ಕಿ, ಮಿರ್ಚಿ ಕಟ್ಟಿಸಿಕೊಂಡು ತಾನೇ ಬಂದಳು. ಹಾಡು ಕೇಳುವುದಕ್ಕಲ್ಲ, ನೀವು ಹಸಿದುಕೊಂಡಿರುತ್ತೀರಿ ಅಂತ ಬಂದೆ ಎಂದು ಹೇಳಿ, ಕೊನೆಯ ಹಾಡಿನವರೆಗೂ ಕೂತಿದ್ದಳು. ಪರಶುರಾಮನಿಗೆ ಮೇಲಿನ ಸ್ವರ ಹತ್ತುತ್ತಿರಲಿಲ್ಲ. ಹಾಡನ್ನೇ ಎರಡು ಮೆಟ್ಟಿಲು ಕೆಳಗಿಳಿಸಿದರು. ಕೆಳಗಿಳಿದ ಹಾಡು ಅವನ ಈಗಿನ ಗಂಟಲಿಗೆ ಎಷ್ಟು ಚೆನ್ನಾಗಿ ಹೊಂದಿತೆಂದರೆ, ಮೊದಲೇ ಹೀಗಿರಬೇಕಿತ್ತು ಎಂದು ತೌಸೀಫ್ ಅಂದ. ಅದರ ಮೇಲೆ ಮತ್ತೊಂದು ಜಗಳವಾಯಿತು. ಅದನ್ನು ಮಿರ್ಚಿ ತಿಂದು ಮುಗಿಸಿದರು.

ಒಂದು ಶುಕ್ರವಾರ ಸಂಗ್ರಹ ಬಿಡುಗಡೆಯಾಯಿತು. ಊರೇನೂ ತಲೆಕೆಳಗಾಗಲಿಲ್ಲ. ಆದರೆ ದುಬೈಯಿಂದ, ಧಾರವಾಡದಿಂದ, ಎಲ್ಲೆಲ್ಲಿಂದಲೋ ಸಂದೇಶಗಳು ಬಂದವು. ಕಾಲೇಜಿನಲ್ಲಿ ಈ ಕ್ಯಾಸೆಟ್ ಸವೆಯುವಷ್ಟು ಕೇಳಿದ್ದೆ ಎಂದು ಒಬ್ಬರು ಬರೆದರೆ, ನನ್ನ ಮಗು ಈ ಹಾಡಿಗೇ ಮಲಗುತ್ತದೆ ಎಂದು ಇನ್ನೊಬ್ಬರು. ಎರಡನೆಯದನ್ನು ಕೃತಿಕಾ ಉಡಚಮ್ಮನಿಗೆ ಫೋನಿನಲ್ಲಿ ಓದಿ ಹೇಳಿದಾಗ ಅವಳು ಸಹನಾಳನ್ನು ಕೂಗಿ ಕರೆದು ಇನ್ನೊಮ್ಮೆ ಓದಿಸಿದಳು.

ತೊಟ್ಟಿಲ ಕಾರ್ಯ ಮುಂದಿನ ವಾರ. ಹರಿಹರದ ಆ ಓಣಿಗೆ ತೌಸೀಫ್ ತನ್ನದೇ ಶಾಮಿಯಾನ ಹಾಕಿಸಿದ. ಹೂವು ಕಟ್ಟಿದ ತೊಟ್ಟಿಲು, ಸುತ್ತ ಮುತ್ತೈದೆಯರು. ಸಹನಾಳ ಜೊತೆ ಕೆಲಸ ಮಾಡುವ ಡ್ರೈವರುಗಳು, ಕಂಡಕ್ಟರುಗಳು ಸಾಲಾಗಿ ಬಂದಿದ್ದರು. ಆನೆಕೊಂಡದಿಂದ ರಹಮತ್ ಬೀಯೂ ಬಂದು ಮುಂದಿನ ಕುರ್ಚಿಯಲ್ಲಿ ಕೂತಿದ್ದರು. ಕೂಸಿಗೆ ಹೆಸರಿಟ್ಟು, ಸಕ್ಕರೆ ಹಂಚಿದ ಮೇಲೆ ಮೂವರೂ ವಾದ್ಯ ಹಿಡಿದರು. ಮೊದಲ ಹಾಡಿನುದ್ದಕ್ಕೂ ನಾಗಭೂಷಣ ತಂತಿಗಳಿಂದ ಕಣ್ಣು ತೆಗೆಯಲಿಲ್ಲ. ಎರಡನೆಯದರಲ್ಲಿ ತೌಸೀಫ್ ಡೊಳ್ಳು ಹೆಗಲಿಗೇರಿಸಿದಾಗ ಡ್ರೈವರುಗಳು ಎದ್ದು ಕುಣಿಯತೊಡಗಿದರು. ‘ಹೊಳೆಯಾಚೆ ದೀಪ’ ಬಂದಾಗ ಉಡಚಮ್ಮ ತೊಟ್ಟಿಲ ಹಗ್ಗ ಹಿಡಿದು ನಿಂತಲ್ಲಿಂದಲೇ ತನ್ನ ಪಾಲು ಹಾಡಿದಳು. ಮೈಕೇ ಬೇಕಾಗಲಿಲ್ಲ.

ಚಪ್ಪಾಳೆ ನಿಂತು, ಊಟಕ್ಕೆ ಎಲೆ ಹಾಕುವ ಗಡಿಬಿಡಿ ಶುರುವಾಯಿತು. ನಾಗಭೂಷಣ ಗಿಟಾರನ್ನು ಕೆಳಗಿಡಲು ಹೋದ. ಅಷ್ಟರಲ್ಲಿ ಉಡಚಮ್ಮ ಹಗ್ಗ ಬಿಡದೆ ಇನ್ನೊಂದು ಹಾಡು ಎತ್ತಿಕೊಂಡಳು. ಮೂವರೂ ಎಂದೂ ಕೇಳದ ಹಾಡು. ಮಟ್ಟು ಎಲ್ಲಿ ತಿರುಗುತ್ತದೋ ತಿಳಿಯುವಂತಿರಲಿಲ್ಲ. ಪರಶುರಾಮ ಬೆರಗಾಗಿ ಕೂತ. ತೌಸೀಫ್ ಬೆರಳಲ್ಲೇ ಡೊಳ್ಳಿನ ಅಂಚು ತಟ್ಟತೊಡಗಿದ. ನಾಗಭೂಷಣ ಗಿಟಾರನ್ನು ಮತ್ತೆ ತೊಡೆಯ ಮೇಲಿಟ್ಟುಕೊಂಡು ಸ್ವರ ಹುಡುಕಿದ; ಒಂದು ತಪ್ಪಿತು, ಇನ್ನೊಂದು ತಪ್ಪಿತು, ಮೂರನೆಯದು ಸಿಕ್ಕಿತು. ಕೃತಿಕಾ ರೆಕಾರ್ಡರನ್ನು ತೊಟ್ಟಿಲ ಬಳಿಗೆ ಸರಿಸಿ ಗುಂಡಿ ಒತ್ತಿದಳು.

“ಇದು ಯಾವ ಹಾಡಕ್ಕಾ?” ಎಂದು ಪರಶುರಾಮ ನಡುವೆ ಬಾಯಿ ಹಾಕಿದ.

“ಮಾತಾಡಬ್ಯಾಡ ತಮ್ಮಾ, ಇನ್ನೂ ಆರು ನುಡಿ ಐತೆ,” ಎಂದಳು ಉಡಚಮ್ಮ, ಮತ್ತೆ ಹಾಡಿಗೆ ಹೊರಳಿದಳು.